ಶಾಲಾ ಲೈಬ್ರರಿಗೆ ತಂದ ಶೆಲ್ಫ್ ಆರ್ಗನೈಸಿಂಗ್ ಸೆಟ್, ಬಳಸಿ ನೋಡಿದ ಮೇಲೆ

ಸ್ಕೂಲ್ ಲೈಬ್ರರಿಗೆ ಅಂತಾನೇ ಮಾರೋ ಶೆಲ್ಫ್ ಜೋಡಿಸೋ ಸೆಟ್ ಒಂದನ್ನ ತರಿಸ್ಕೊಂಡು ಬಳಸ್ತಾ ಇದೀವಿ. ಅದರಲ್ಲಿ ಪುಸ್ತಕದ ಬೆನ್ನಿಗೆ ಅಂಟಿಸೋ ಸ್ಪೈನ್ ಲೇಬಲ್ ಶೀಟು, ಲೇಬಲ್ ಮೇಲೆ ಅಂಟಿಸೋ ಪಾರದರ್ಶಕ ಕವರು, ಬಣ್ಣದ ಚುಕ್ಕಿ ಸ್ಟಿಕ್ಕರು, ಪುಸ್ತಕ ವಾಲದ ಹಾಗೆ ಪಕ್ಕದಲ್ಲಿ ತಡೆದು ನಿಲ್ಲಿಸೋ ಸ್ಟೀಲ್ ಬುಕ್‌ಎಂಡು, ಶೆಲ್ಫ್ ಅಂಚಿಗೆ ಹಾಕೋ ಲೇಬಲ್ ಹೋಲ್ಡರು, ಅಕ್ಷರದ ಡಿವೈಡರು, ಪ್ಲಾಸ್ಟಿಕ್ ಶೆಲ್ಫ್ ಮಾರ್ಕರು, ಆಮೇಲೆ ತೆಳು ಪುಸ್ತಕದ ಮುಖಪುಟ ಕಾಣೋ ಹಾಗೆ ಇಡೋಕೆ ನಾಕೈದು ಬಿನ್ನು, ಇಷ್ಟು ಬರುತ್ತೆ. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಇಂಥ ಸೆಟ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಯಾವುದನ್ನ ತಗೊಂಡ್ರೂ ಈ ಮಾತು ಅನ್ವಯ ಆಗುತ್ತೆ ಅನ್ಸುತ್ತೆ.

ನಾನು ಇದನ್ನ ಅಳೆಯೋದು ಒಂದೇ ಲೆಕ್ಕದಲ್ಲಿ. ಒಂದು ಮಗು ಒಳಗೆ ಬಂದು "ಹಾವಿನ ಪುಸ್ತಕ ಬೇಕು" ಅಂತ ಮನಸ್ಸಲ್ಲಿ ಇಟ್ಕೊಂಡಿದೆ ಅಂದ್ಕೊಳ್ಳಿ, ಅದು ಯಾರನ್ನೂ ಕೇಳದೆ ಸರಿಯಾದ ಶೆಲ್ಫ್ ಮುಂದೆ ಹೋಗಿ ನಿಲ್ಲಬೇಕು. ಕೇಳೋಕೆ ನಾಚಿಕೆ ಪಡೋ ಮಕ್ಕಳೇ ಜಾಸ್ತಿ, ಅವರು ಕೇಳಲ್ಲ, ಸಿಗದೆ ಇದ್ರೆ ಸುಮ್ನೆ ಕೈಗೆ ಸಿಕ್ಕಿದ್ದನ್ನ ತಗೊಂಡು ಹೋಗ್ತಾರೆ, ಇಲ್ಲಾ ಬರಿಗೈಲಿ ಹೋಗ್ತಾರೆ, ಆಮೇಲೆ ಆ ಮಗುಗೆ ಓದೋಕೆ ಇಷ್ಟ ಇಲ್ಲ ಅಂತ ನಾವೇ ಷರಾ ಬರೀತೀವಿ. ಗ್ರಂಥಾಲಯ ವಿಜ್ಞಾನದ ಪಂಡಿತ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಹೇಳಿದ ಗ್ರಂಥಾಲಯದ ಐದು ಸೂತ್ರದಲ್ಲಿ ನಾಲ್ಕನೇದು ಓದುಗರ ಸಮಯ ಉಳಿಸಿ ಅನ್ನೋದು, ಮಕ್ಕಳ ವಿಷಯದಲ್ಲಿ ಇದು ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತೆ, ಯಾಕಂದ್ರೆ ಲೈಬ್ರರಿ ಪೀರಿಯಡ್ ಅಂತ ಸಿಗೋದೇ ಒಂದು ಪೀರಿಯಡ್ಡು, ಅದರಲ್ಲಿ ಅರ್ಧ ಹುಡುಕೋದ್ರಲ್ಲೇ ಹೋದ್ರೆ ಓದೋದು ಯಾವಾಗ?

ಮೊದಲು ಸ್ಪೈನ್ ಲೇಬಲ್ ಬಗ್ಗೆ ಹೇಳ್ತೀನಿ, ಸೆಟ್‌ನಲ್ಲಿ ಅತಿ ಮುಖ್ಯವಾದದ್ದು ಅದೇ, ಜನ ಅತಿ ಕಮ್ಮಿ ಗಮನ ಕೊಡೋದೂ ಅದಕ್ಕೇ. ಲೇಬಲ್ ಕಾಗದ ಚೆನ್ನಾಗಿದೆ, ಅಂಟು ಹಿಡಿಯುತ್ತೆ, ಆದ್ರೆ ಯಾವುದ್ರಲ್ಲಿ ಪ್ರಿಂಟ್ ಮಾಡ್ತೀರ ಅನ್ನೋದ್ರ ಮೇಲೆ ಎಲ್ಲ ನಿಂತಿದೆ. ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಮಾಡಿದ್ರೆ ಒದ್ದೆ ಕೈ ತಾಗಿದ ಕೂಡ್ಲೆ ಇಂಕು ಹರಡಿಕೊಳ್ಳೋ ಸಂಭವ ಇದೆ. ಅಂಗಡಿ ಬಿಲ್ ಬರುತ್ತಲ್ಲ, ಆ ಥರದ ಥರ್ಮಲ್ ಪ್ರಿಂಟರ್ ಲೇಬಲ್ ಬಿಸಿಲು ಬಿಸಿಗೆ ಮಾಸಿ ಹೋಗುತ್ತೆ, ಕಿಟಕಿ ಪಕ್ಕದ ಶೆಲ್ಫಲ್ಲಿ ಅಂತೂ ಬೇಗ. ಲೇಸರ್ ಪ್ರಿಂಟೇ ಸೇಫು. ಅದರ ಮೇಲೆ ಪಾರದರ್ಶಕ ಕವರ್ ಅಂಟಿಸ್ಲೇಬೇಕು, ಇಲ್ಲಾಂದ್ರೆ ಮಕ್ಕಳ ಬೆರಳು ಸುಮ್ನಿರಲ್ಲ, ಒಂದು ಮೂಲೆ ಎದ್ದಿದೆ ಅಂದ್ರೆ ಪೂರ್ತಿ ಕಿತ್ತು ಬರೋವರೆಗೂ ಉಗುರಲ್ಲಿ ಕೆದಕ್ತಾನೇ ಇರ್ತಾರೆ. ಕವರ್ ಉಳಿಸೋಣ ಅಂತ ಕೆಲವರು ಮಾಮೂಲಿ ಸೆಲ್ಲೋಟೇಪ್ ಹಾಕ್ತಾರೆ, ದಯವಿಟ್ಟು ಬೇಡ, ಅದು ಹಳದಿ ಆಗಿ, ಅಂಟು ಹೊರಗೆ ಒಸರಿ ಪಕ್ಕದ ಪುಸ್ತಕಕ್ಕೂ ಮೆತ್ಕೊಳ್ಳುತ್ತೆ.

ಲೇಬಲ್ ಅಂಟಿಸೋ ಎತ್ತರ ಎಲ್ಲಾ ಪುಸ್ತಕಕ್ಕೂ ಒಂದೇ ಇರಬೇಕು. ಪುಸ್ತಕದ ಕೆಳಅಂಚಿಂದ ಒಂದೂವರೆ ಇಂಚು ಅಂತ ಇಟ್ಕೊಂಡ್ರೆ ಸಾಕು, ಅದಕ್ಕೊಂದು ರಟ್ಟಿನ ತುಂಡನ್ನ ಅಳತೆಗೆ ಕತ್ತರಿಸಿಟ್ಕೊಳ್ಳಿ, ಪ್ರತಿ ಸಲ ಸ್ಕೇಲ್ ಹಿಡಿಯೋ ಕೆಲ್ಸ ತಪ್ಪುತ್ತೆ. ಲೇಬಲ್‌ಗಳೆಲ್ಲ ಒಂದೇ ಗೆರೆಯಲ್ಲಿ ಬಂದಾಗ ಕಣ್ಣು ಸರಾಗವಾಗಿ ಓಡುತ್ತೆ, ತಪ್ಪು ಜಾಗದಲ್ಲಿ ಇರೋ ಪುಸ್ತಕ ತಾನಾಗೇ ಎದ್ದು ಕಾಣುತ್ತೆ. ಒಂದು ಮೇಲೆ ಒಂದು ಕೆಳಗೆ ಇದ್ರೆ ಎಷ್ಟು ಚೆಂದದ ನಂಬರ್ ಕೊಟ್ರೂ ಯಾರೂ ಓದಲ್ಲ.

ಇನ್ನೊಂದು ಅಕ್ಷರದ ಗಾತ್ರ. ಸೆಟ್ ಜೊತೆ ಕೊಡೋ ಟೆಂಪ್ಲೇಟ್ ಇಂಗ್ಲಿಷ್ ಅಕ್ಷರಕ್ಕೆ ಮಾಡಿದ್ದು, ಅದೇ ಸೈಜಲ್ಲಿ ಕನ್ನಡ ಹಾಕಿದ್ರೆ ಒತ್ತಕ್ಷರ ಎಲ್ಲ ಚುಕ್ಕಿ ಥರ ಆಗಿ ಹೋಗುತ್ತೆ, ಕೆಳಗಿನ ಸಾಲಿಗೆ ತಾಗುತ್ತೆ ಕೂಡ. ಸಾಲುಗಳ ನಡುವೆ ಜಾಗ ಜಾಸ್ತಿ ಕೊಟ್ಟು, ಸೈಜು ದೊಡ್ಡದು ಮಾಡಿ, ಮೂರೇ ಸಾಲು ಇಡಿ: ಮೇಲೆ ವರ್ಗದ ನಂಬರು (ಪುಸ್ತಕ ಯಾವ ವಿಷಯದ್ದು ಅಂತ ಹೇಳೋದು), ಮಧ್ಯೆ ಲೇಖಕರ ಹೆಸರಿನ ಮೊದಲೆರಡು ಅಕ್ಷರ, ಕೆಳಗೆ ಪ್ರತಿ ಎಷ್ಟನೇದು ಅಂತ. ಅಕ್ಸೆಶನ್ ನಂಬರು (ರಿಜಿಸ್ಟರಲ್ಲಿ ಆ ಪುಸ್ತಕದ ಕ್ರಮಸಂಖ್ಯೆ), ಶಾಲೆ ಹೆಸರು, ಲಾಂಛನ ಎಲ್ಲ ಒಳಪುಟಕ್ಕೆ ಹಾಕಿ, ಬೆನ್ನಿನ ಮೇಲೆ ಬೇಡ. ಬೆನ್ನಿನ ಮೇಲಿರೋ ಜಾಗ ಮಗುಗೆ ಸೇರಿದ್ದು, ರಿಜಿಸ್ಟರ್‌ಗಲ್ಲ.

ಆದ್ರೆ ಬೆನ್ನೇ ಇಲ್ಲದ ಪುಸ್ತಕಕ್ಕೆ ಏನ್ ಮಾಡೋದು? ಮಕ್ಕಳ ಪುಸ್ತಕದಲ್ಲಿ ಎಷ್ಟೋ ಪುಸ್ತಕ ಮಧ್ಯಕ್ಕೆ ಪಿನ್ ಹೊಡೆದ ಹದಿನಾರು, ಇಪ್ಪತ್ನಾಕು ಪುಟದವು, ಅದನ್ನ ಶೆಲ್ಫಲ್ಲಿ ನಿಲ್ಸಿದ್ರೆ ಬರೀ ಒಂದು ಗೆರೆ ಕಾಣುತ್ತೆ, ಹೆಸರೂ ಇಲ್ಲ ನಂಬರೂ ಇಲ್ಲ, ಇಪ್ಪತ್ತು ಪುಸ್ತಕ ಒಟ್ಟಿಗೆ ಬಾಗಿ ಕುಸಿದು ಬೀಳುತ್ತೆ. ಬರೆಯೋರು ಚಿತ್ರ ಬಿಡಿಸೋರು ಮುಖಪುಟಕ್ಕೆ ಅಷ್ಟೊಂದು ಜೀವ ತುಂಬಿರ್ತಾರೆ, ಅದನ್ನ ಯಾರಿಗೂ ಕಾಣದ ಹಾಗೆ ಪಕ್ಕಕ್ಕೆ ತಿರುಗಿಸಿಟ್ರೆ ಪುಟ್ಟ ಮಕ್ಕಳು ಮುಟ್ಟೋದೇ ಇಲ್ಲ. ಸೆಟ್‌ನಲ್ಲಿ ನನಗೆ ತುಂಬ ಖುಷಿ ಕೊಟ್ಟಿದ್ದು ಈ ಬಿನ್ನುಗಳು. ಸ್ವಲ್ಪ ಹಿಂದಕ್ಕೆ ವಾಲಿರೋ ಬಿನ್ನು, ಪುಸ್ತಕದ ಮುಖ ನಮ್ಮ ಕಡೆಗೆ, ಮಗು ನಿಂತ್ಕೊಂಡು ಎರಡು ಬೆರಳಲ್ಲಿ ಒಂದೊಂದಾಗಿ ಮುಂದಕ್ಕೆ ತಳ್ಕೊಂಡು ನೋಡ್ಬಹುದು. ಅರಿವಿಲ್ಲದೆ ಹತ್ತಾರು ಮುಖಪುಟ ನೋಡಿ ಬಿಡ್ತಾರೆ. ಒಂದೇ ಷರತ್ತು, ತುಂಬಿ ತುಳುಕಿಸಬಾರದು, ಬೆರಳು ಆಡೋಕೆ ಜಾಗ ಇಲ್ಲ ಅಂದ್ರೆ ಬಿನ್ನಿದ್ದೂ ಒಂದೇ ಇಲ್ಲದಿದ್ರೂ ಒಂದೇ, ಮುಕ್ಕಾಲಕ್ಕಿಂತ ಜಾಸ್ತಿ ಹಾಕ್ಬೇಡಿ.

ಬಿನ್ನಿನ ಒಳಗೆ ಅಕಾರಾದಿ ಕ್ರಮ ಇಡೋಕೆ ಹೋಗ್ಬೇಡಿ, ಅದು ಹತ್ತು ನಿಮಿಷ ಕೂಡ ನಿಲ್ಲಲ್ಲ. ಬಿನ್ನಿಗೆ ಒಂದು ಚಿತ್ರ ಒಂದು ಹೆಸರು ಕೊಡಿ, ಪ್ರಾಣಿ, ಹಬ್ಬ, ಅಜ್ಜಿ ಕಥೆ, ಗಾಡಿ ಬಂಡಿ, ಹೀಗೆ, ಆ ಬಿನ್ನಿಗೆ ಸೇರಿದ ಪ್ರತಿ ಪುಸ್ತಕದ ಮುಂದಿನ ಕೆಳ ಎಡಮೂಲೇಲಿ ಅದೇ ಚಿತ್ರದ ಸ್ಟಿಕ್ಕರ್ ಹಾಕಿ. ಇನ್ನೂ ಓದೋಕೆ ಬರದ ಮಗು ಕೂಡ ಚಿತ್ರ ನೋಡಿ ಚಿತ್ರಕ್ಕೆ ಸೇರಿಸುತ್ತೆ. ಬೆನ್ನು ಸಣ್ಣಗಿರೋ ಪುಸ್ತಕಕ್ಕೂ ಇದೇ ಮೂಲೆ ಒಳ್ಳೇದು, ಲೇಬಲ್ ಅರ್ಧ ಬೆನ್ನಿಗೆ ಅರ್ಧ ಹಿಂದಕ್ಕೆ ಸುತ್ತಿ ಅಂಟಿಸಿದ್ರೆ ಯಾವ ಕಡೆಯಿಂದ್ಲೂ ಪೂರ್ತಿ ಓದೋಕಾಗಲ್ಲ.

ಇನ್ನು ನಂಬರ್ ವಿಷಯ. ಸೆಟ್‌ನಲ್ಲಿ ಪುಸ್ತಕಕ್ಕೆ ವಿಷಯದ ಪ್ರಕಾರ ನಂಬರ್ ಕೊಡೋ ಡ್ಯೂಯಿ ದಶಮಾಂಶ ಪದ್ಧತಿಯ ಹತ್ತು ವರ್ಗದ ಸೈನ್‌ಬೋರ್ಡು ರೆಡಿಮೇಡ್ ಬರುತ್ತೆ. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಬರೀ 44 ಪುಟದ ಕಿರುಪುಸ್ತಕವಾಗಿ ತಂದಿದ್ದು ಇದು, ಇವತ್ತಿಗೂ ಪ್ರಪಂಚದ ಎಷ್ಟೋ ಶಾಲಾ ಲೈಬ್ರರಿಗಳು ಇದರ ಮೇಲೇ ನಡೀತಿವೆ, ಅದಕ್ಕೆ ಕಾರಣನೂ ಇದೆ. 500ರಲ್ಲಿ ವಿಜ್ಞಾನ, 595ರಲ್ಲಿ ಕೀಟ, 597ರಲ್ಲಿ ಮೀನು ಕಪ್ಪೆ ಹಾವು, 598ರಲ್ಲಿ ಹಕ್ಕಿ, 599ರಲ್ಲಿ ಸಸ್ತನಿ, ಅಂದ್ರೆ ಒಂದು ಪುಸ್ತಕ ಹುಡುಕ್ತಾ ಬಂದೋರಿಗೆ ಅದರ ನೆಂಟರೆಲ್ಲ ಅಕ್ಕಪಕ್ಕದಲ್ಲೇ ಸಿಗ್ತಾರೆ. ಹಾವಿಗೆ ಅಂತ ಬಂದ ಮಗು ಆಮೆ ಮೊಸಳೆ ಪುಸ್ತಕನೂ ಎತ್ಕೊಂಡು ಹೋಗುತ್ತೆ. ಇದು ಅಕಾರಾದಿ ಕ್ರಮದಲ್ಲಿ ಯಾವತ್ತೂ ಆಗಲ್ಲ.

ಆದ್ರೆ ಮಕ್ಕಳ ಕಣ್ಣಿಂದ ನೋಡಿದ್ರೆ ಇದರಲ್ಲಿ ತೊಡಕಿದೆ. ತೋಳ 599ರಲ್ಲಿ, ನಾಯಿ 636ರಲ್ಲಿ, ಯಾಕಂದ್ರೆ ನಾಯಿ ಸಾಕುಪ್ರಾಣಿ ಅಂತ ಕೃಷಿ ಪಶುಪಾಲನೆ ಕಡೆ ಹೋಗಿದೆ. ಡೈನೋಸಾರ್ ಹಾವಿನ ಹತ್ರ ಇರಲ್ಲ, 567ರಲ್ಲಿ ಪಳೆಯುಳಿಕೆ ಜೊತೆ ಇರುತ್ತೆ. ಜಾನಪದ ಕಥೆ ಸಾಹಿತ್ಯದಲ್ಲಿ ಇರಲ್ಲ, 398.2 ಅಂತ ಸಮಾಜ ವಿಜ್ಞಾನದಲ್ಲಿ ಇರುತ್ತೆ. ತರ್ಕ ಇದೆ, ತಪ್ಪಲ್ಲ, ಆದ್ರೆ ಎಂಟು ವರ್ಷದ ಮಗುಗೆ ಆ ತರ್ಕ ಗೊತ್ತಿರಲ್ಲ. ಅದಕ್ಕೆ ನಾವು 599ರ ಶೆಲ್ಫ್ ಕೊನೇಲಿ ಒಂದು ಕಾರ್ಡ್ ನಿಲ್ಸಿದೀವಿ, ನಾಯಿ ಬೆಕ್ಕು ಹಸು ಕುದುರೆ ಬೇಕಾದ್ರೆ 636ಕ್ಕೆ ಹೋಗಿ ಅಂತ, ಬಾಣದ ಗುರುತು ಸಮೇತ. ಪುಸ್ತಕದ ಸೈಜಿನ ಮರದ ತುಂಡಿಗೆ ಕಾರ್ಡ್ ಅಂಟಿಸಿದ್ದು ಅಷ್ಟೇ. ಸೆಟ್‌ನಲ್ಲಿ ಇಂಥದ್ದು ಇಲ್ಲ, ಇರಬೇಕಿತ್ತು, ಖಂಡಿತ ಇರಬೇಕಿತ್ತು.

ದಶಮಾಂಶದ ಗೋಳು ಬೇರೆ. ಕಪ್ಪೆ 597.89, ಸರೀಸೃಪ 597.9. ಯಾವುದು ಮೊದಲು? ಕಪ್ಪೆನೇ. ದಶಮಾಂಶ ಕಲೀದೆ ಇರೋ ಮಗು ಎಂಬತ್ತೊಂಬತ್ತು ದೊಡ್ಡದು ಒಂಬತ್ತು ಚಿಕ್ಕದು ಅಂತಾನೇ ಓದುತ್ತೆ, ಕಪ್ಪೆನ ಹಿಂದಕ್ಕೆ ಇಡುತ್ತೆ, ಅದು ಮಗು ತಪ್ಪಲ್ಲ. ಹಾಗಾಗಿ ಚಿಕ್ಕ ಕ್ಲಾಸಿನ ಕಡೆಗೆ ಮೂರೇ ಅಂಕಿ ಸಾಕು, ಚುಕ್ಕಿ ಬೇಡವೇ ಬೇಡ. ದೊಡ್ಡ ಮಕ್ಕಳ ಕಡೆ ಚುಕ್ಕಿ ಆದ್ಮೇಲೆ ಒಂದು, ತುಂಬಾ ಪುಸ್ತಕ ಇದ್ರೆ ಎರಡು. ಡ್ಯೂಯಿಯಲ್ಲೇ ಸಣ್ಣ ಲೈಬ್ರರಿಗೆ ಅಂತ ಸಂಕ್ಷಿಪ್ತ ಆವೃತ್ತಿ ಇದೆ, ಇಪ್ಪತ್ತು ಸಾವಿರ ಶೀರ್ಷಿಕೆ ತನಕ ಇರೋ ಸಂಗ್ರಹಕ್ಕೆ ಮಾಡಿದ್ದು, ಶಾಲೆಗೆ ಅದೇ ಧಾರಾಳ ಆಯ್ತು. ರಂಗನಾಥನ್ ಅವರದೇ ಇನ್ನೊಂದು ಪದ್ಧತಿ ಇದೆ, ಕೋಲನ್ ವರ್ಗೀಕರಣ ಅಂತ, 1933ರದ್ದು, ಅದರ ಆಲೋಚನೆ ಅದ್ಭುತ, ನನಗೆ ಅದರ ಮೇಲೆ ತುಂಬಾ ಗೌರವ ಇದೆ, ಆದ್ರೆ ಅಷ್ಟೆಲ್ಲ ಚಿಹ್ನೆ ಇರೋ ಲೇಬಲ್ ಮಕ್ಕಳ ಕೈಗೆ ಕೊಡೋ ಹಾಗಿಲ್ಲ.

ಕನ್ನಡ ಪುಸ್ತಕ ಜಾಸ್ತಿ ಇರೋ ಲೈಬ್ರರಿಗೆ ಇನ್ನೂ ಒಂದು ಸಮಸ್ಯೆ. ಡ್ಯೂಯಿಯಲ್ಲಿ ಕನ್ನಡ ಸಾಹಿತ್ಯಕ್ಕೆ ನಂಬರ್ 894.814. ಅದನ್ನ ಹಾಗೇ ಹಾಕ್ತಾ ಹೋದ್ರೆ ಅರ್ಧ ಲೈಬ್ರರಿಯ ಬೆನ್ನ ಮೇಲೆಲ್ಲ ಅದೇ ಆರಂಕಿ, ಕಥೆ ಕವನ ನಾಟಕ ಕಾದಂಬರಿ ಎಲ್ಲಾ ಒಂದೇ ಗುಡ್ಡೆ, ನಂಬರ್ ಇದ್ದೂ ಏನೂ ಹೇಳ್ದಂಗಾಯ್ತು. ಇಲ್ಲಿ ನಂಬರ್ ಬಿಟ್ಟು ಕಥೆ, ಕವನ, ನಾಟಕ, ಕಾದಂಬರಿ ಅಂತ ನೇರವಾಗಿ ಪದಾನೇ ಹಾಕೋದು ಒಳ್ಳೇದು, ಕೆಳಗೆ ಲೇಖಕರ ಅಕ್ಷರ. ಕ್ಯಾಟಲಾಗಲ್ಲಿ ಪೂರ್ತಿ ನಂಬರ್ ಇರಲಿ, ಬೆನ್ನ ಮೇಲೆ ಮಗುಗೆ ಅರ್ಥ ಆಗೋದು ಇರಲಿ.

ಲೇಖಕರ ಅಕ್ಷರ ಅಂದ್ನಲ್ಲ, ಅದೂ ಸುಲಭ ಇಲ್ಲ. ಇಂಗ್ಲಿಷ್ ಪುಸ್ತಕಕ್ಕೆ ಸರ್‌ನೇಮ್ ಹಿಡಿದ್ರೆ ಆಯ್ತು. ನಮ್ಮ ಲೇಖಕರಲ್ಲಿ ಇನಿಶಿಯಲ್ ಮುಂದೆ ಇರೋರು, ಊರಿನ ಹೆಸರು ಜೊತೆಗಿರೋರು, ಕಾವ್ಯನಾಮದಲ್ಲಿ ಬರೆಯೋರು, ಎರಡು ಪದದ ಹೆಸರು ಇರೋರು, ಎಲ್ಲ ಇದ್ದಾರೆ. ಇನಿಶಿಯಲ್ ಬಿಟ್ಟು ಉಳಿದ ಹೆಸರಿನ ಮೊದಲೆರಡು ಅಕ್ಷರ ಅಂತ ಒಂದು ನಿಯಮ ಮಾಡ್ಕೊಂಡು, ಕಾವ್ಯನಾಮ ಇದ್ರೆ ಕಾವ್ಯನಾಮನೇ ಅಂತ ಇನ್ನೊಂದು ಸೇರಿಸಿ, ಒಂದು ಕಾರ್ಡಲ್ಲಿ ಬರೆದು ಟೇಬಲ್ ಮೇಲೆ ಅಂಟಿಸಿ, ಇದರಲ್ಲಿ ನಿಯಮ ಯಾವುದು ಅನ್ನೋದಕ್ಕಿಂತ ಎಲ್ಲರೂ ಒಂದನ್ನೇ ಪಾಲಿಸೋದು ದೊಡ್ಡದು, ಇಲ್ಲಾಂದ್ರೆ ಒಬ್ಬರೇ ಲೇಖಕರ ಪುಸ್ತಕ ಮೂರು ಶೆಲ್ಫಲ್ಲಿ ಹಂಚಿ ಹೋಗುತ್ತೆ. ಕಂಪ್ಯೂಟರ್ ಲಿಸ್ಟ್ ಪ್ರಿಂಟ್ ತಗೊಂಡು ಜೋಡಿಸೋರಿಗೆ ಒಂದು ಮಾತು, ಸ್ಪ್ರೆಡ್‌ಶೀಟಲ್ಲಿ ಸಾರ್ಟ್ ಮಾಡಿದಾಗ ಅನುಸ್ವಾರ ಇರೋ ಹೆಸರು ಎಲ್ಲಿ ಬಂದು ಕೂತಿದೆ ಅಂತ ನೋಡ್ಕೊಳ್ಳಿ, ಎಲ್ಲಾ ಸಾಫ್ಟ್‌ವೇರು ನಿಘಂಟಿನ ಕ್ರಮವನ್ನೇ ಪಾಲಿಸುತ್ತೆ ಅನ್ನೋ ಹಾಗಿಲ್ಲ. ಮಕ್ಕಳಿಗೆ ಮೊದಲ ಅಕ್ಷರದ ತನಕ ಕ್ರಮ ಇದ್ರೆ ಸಾಕು, ಕ ಅಂದ್ರೆ ಕ ಕಾ ಕಿ ಕೀ ಎಲ್ಲಾ ಒಂದೇ ಡಿವೈಡರ್ ಹಿಂದೆ.

ಆ ಡಿವೈಡರೇ ಈ ಸೆಟ್‌ನ ದೊಡ್ಡ ಕೊರತೆ. ಎ ಇಂದ ಝಡ್ ತನಕ ಮಾತ್ರ ಕೊಡ್ತಾರೆ. ಅ ಇಂದ ಳ ತನಕ ಕೊಡಿ ಅಂತ ಕೇಳಿದ್ರೆ ಇಲ್ಲ ಅಂದ್ರು. ಕನ್ನಡ ಓದೋ ಮಕ್ಕಳಿಗೂ ಅಚ್ಚುಕಟ್ಟಾದ ಡಿವೈಡರ್ ಸಿಗಬೇಕು, ಇದು ಕೇಳಬಾರದ ಕೇಳಿಕೆ ಏನಲ್ಲ. ಖಾಲಿ ಡಿವೈಡರ್ ತಗೊಂಡು ಮಕ್ಕಳ ಕೈಲೇ ಬರೆಸಿದ್ವಿ, ಚೆನ್ನಾಗೇ ಬಂತು, ಆದ್ರೂ ಕೊರತೆ ಕೊರತೆನೇ, ಇದಕ್ಕೆ ಅಂಕ ಕಳೀತೀನಿ.

ಬಣ್ಣದ ಚುಕ್ಕಿ ಚೆನ್ನಾಗಿದೆ, ಬಳಸೋ ರೀತಿ ಹುಷಾರು. ವಿಷಯಕ್ಕೊಂದು ಬಣ್ಣ ಕೊಡೋದಾದ್ರೆ ದೂರದಿಂದ್ಲೇ ತಪ್ಪು ಜಾಗ ಗೊತ್ತಾಗುತ್ತೆ, ಹಸಿರು ಸಾಲಲ್ಲಿ ಒಂದು ನೀಲಿ ಕಂಡ್ರೆ ಯಾರು ಬೇಕಾದ್ರೂ ಸರಿ ಮಾಡ್ಬಹುದು. ಆದ್ರೆ ಓದುವ ಮಟ್ಟಕ್ಕೆ ಬಣ್ಣ ಕೊಟ್ಟು ಬೆನ್ನ ಮೇಲೆ ಅಂಟಿಸೋದು ನನಗೆ ಒಪ್ಪಿಗೆ ಇಲ್ಲ. ಏಳನೇ ಕ್ಲಾಸ್ ಹುಡುಗನ ಕೈಲಿ ಎರಡನೇ ಮಟ್ಟದ ಬಣ್ಣ ಕಂಡ್ರೆ ಪಕ್ಕದೋರು ಏನಂತಾರೆ ಅಂತ ಅವನಿಗೆ ಗೊತ್ತು, ಅವನು ಆ ಶೆಲ್ಫ್ ಹತ್ರಾನೇ ಹೋಗಲ್ಲ. ಅಮೆರಿಕದ ಶಾಲಾ ಗ್ರಂಥಪಾಲಕರ ಸಂಘ ಕೂಡ ಪುಸ್ತಕದ ಮೇಲೆ ಓದುವ ಮಟ್ಟದ ಲೇಬಲ್ ಹಾಕೋದನ್ನ ವಿರೋಧಿಸಿದೆ, ಮಗುವಿನ ಖಾಸಗಿತನದ ಪ್ರಶ್ನೆ ಇದು. ಮಟ್ಟ ಬೇಕೇ ಬೇಕು ಅಂದ್ರೆ ಒಳಪುಟದಲ್ಲಿ ಪೆನ್ಸಿಲ್ಲಲ್ಲಿ ಬರೀರಿ. ಮತ್ತೆ ಕೆಂಪು ಹಸಿರು ಬೇರೆ ಬೇರೆ ಕಾಣದ ಮಕ್ಕಳು ಇರ್ತಾರೆ, ಹುಡುಗರಲ್ಲಿ ಜಾಸ್ತಿ, ಅದಕ್ಕೆ ಬಣ್ಣದ ಜೊತೆ ಆಕಾರನೂ ಇರ್ಲಿ, ತ್ರಿಕೋನ, ಚೌಕ, ನಕ್ಷತ್ರ. ಸ್ಟಿಕ್ಕರ್‌ನ ಪಾರದರ್ಶಕ ಕವರಿನ ಅಡಿಗೇ ಅಂಟಿಸಿ.

ಬುಕ್‌ಎಂಡ್ ಪರವಾಗಿಲ್ಲ. ಆದ್ರೆ ತಗಡು ತೀರಾ ತೆಳು, ಪುಸ್ತಕ ತಳ್ಳಿದಾಗ ಅಂಚು ಹಾಳೆ ಮಧ್ಯಕ್ಕೆ ನುಗ್ಗಿ ಹರಿಯುತ್ತೆ, ಅಂಚು ದಪ್ಪಗಿರೋದು ಅಥವಾ ಮಡಚಿರೋದು ನೋಡಿ ತಗೊಳ್ಳಿ, ತಳಕ್ಕೆ ರಬ್ಬರ್ ಇರಬೇಕು. ಅಷ್ಟೇ.

ಲೇಬಲ್ ಹೋಲ್ಡರಲ್ಲಿ ಮೂರು ಥರ. ಮ್ಯಾಗ್ನೆಟ್‌ದು ಸ್ಟೀಲ್ ರ್ಯಾಕಿಗೆ ಬಹಳ ಒಳ್ಳೇದು, ಪುಸ್ತಕ ಜಾಸ್ತಿ ಆಗಿ ಸಾಲು ಸರಿದಾಗ ಹೋಲ್ಡರನ್ನೂ ಸರಿಸ್ಬಹುದು. ಮರದ ರ್ಯಾಕಿಗೆ ಅದು ಹಿಡಿಯಲ್ಲ, ಕ್ಲಿಪ್ ಥರದ್ದೇ ಬೇಕು. ಅಂಟಿಸೋದು ಬೇಡ, ಸಾಲು ಸರಿಸಿದಾಗ ಕಿತ್ತು ಹಾಕ್ಬೇಕಾಗುತ್ತೆ, ಕಲೆ ಉಳಿಯುತ್ತೆ. ಬರೆಯೋವಾಗ 590 ಅಂತ ಬರೀ ನಂಬರ್ ಬೇಡ, "590 ಪ್ರಾಣಿಗಳು" ಅಂತ ಬರೀರಿ, ಒಂದು ಚಿತ್ರ ಹಾಕಿ. ಕೆಳಗಿನ ಶೆಲ್ಫಿನ ಲೇಬಲ್ ಸ್ವಲ್ಪ ಮೇಲ್ಮುಖವಾಗಿ ವಾಲಿರಬೇಕು, ಇಲ್ಲಾಂದ್ರೆ ನಿಂತಿರೋರಿಗೆ ಕಾಣಲ್ಲ. ಪುಟ್ಟ ಮಕ್ಕಳ ರ್ಯಾಕ್ ಒಟ್ಟು ಎತ್ತರ ಮೂರೂವರೆ ಅಡಿ ಮೀರಬಾರದು, ಕೈಗೆ ಎಟುಕದ ಶೆಲ್ಫಿಗೆ ಎಂಥ ಲೇಬಲ್ ಹಾಕಿ ಏನು ಪ್ರಯೋಜನ. ಮತ್ತೆ ಶೆಲ್ಫನ್ನ ಇಡುಕಿರಿದು ತುಂಬಬೇಡಿ, ಪ್ರತಿ ಸಾಲಲ್ಲೂ ಕಾಲು ಭಾಗ ಖಾಲಿ ಬಿಡಿ. ಹೊಸ ಪುಸ್ತಕ ಬಂದಾಗ ಇಡೀ ರ್ಯಾಕ್ ಸರಿಸೋ ಕೆಲ್ಸ ಇರಲ್ಲ, ಆ ಖಾಲಿ ಜಾಗದಲ್ಲಿ ಒಂದು ಪುಸ್ತಕನ ಮುಖ ತೋರಿಸಿ ನಿಲ್ಲಿಸ್ಬಹುದು, ಮಕ್ಕಳ ಕೈ ಮೊದಲು ಹೋಗೋದೇ ಅದಕ್ಕೆ.

ಶೆಲ್ಫ್ ಮಾರ್ಕರ್‌ಗೆ ಪೂರ್ತಿ ಅಂಕ. ಅಗಲವಾದ ಪ್ಲಾಸ್ಟಿಕ್ ಪಟ್ಟಿ, ಪುಸ್ತಕ ಎಳೆಯೋಕೆ ಮುಂಚೆ ಆ ಜಾಗಕ್ಕೆ ಪಟ್ಟಿ ತೂರಿಸಬೇಕು, ಬೇಡ ಅನ್ಸಿದ್ರೆ ಅದೇ ಜಾಗಕ್ಕೆ ವಾಪಸ್ ಇಟ್ಟು ಪಟ್ಟಿ ತೆಗೀಬೇಕು. ಚಿಕ್ಕ ಮಕ್ಕಳು ಇದನ್ನ ಬೇಗ ಕಲೀತಾರೆ, ಶ್ರದ್ಧೆಯಿಂದ ಮಾಡ್ತಾರೆ. ಲೈಬ್ರರಿ ಕೆಡೋದು ಪುಸ್ತಕ ತೆಗೆಯೋವಾಗ ಅಲ್ಲ, ಇಡೋವಾಗ. ತಪ್ಪು ಜಾಗಕ್ಕೆ ಹೋದ ಪುಸ್ತಕ ಇದ್ದೂ ಇಲ್ಲದ ಹಾಗೆ, ರಿಜಿಸ್ಟರಲ್ಲಿ ಇದೆ ಅಂತ ತೋರಿಸುತ್ತೆ, ಯಾರಿಗೂ ಸಿಗಲ್ಲ. ಮನೆಗೆ ಹೋಗಿ ವಾಪಸ್ ಬಂದ ಪುಸ್ತಕನ ಮಾತ್ರ ಮಕ್ಕಳು ನೇರ ಶೆಲ್ಫಿಗೆ ಇಡೋದು ಬೇಡ, ಒಂದು ಟೇಬಲ್ಲೋ ಟ್ರಾಲಿಯೋ ಇಟ್ಟು ಅಲ್ಲಿಗೆ ಹಾಕಿಸಿ, ದೊಡ್ಡ ಕ್ಲಾಸಿನ ಇಬ್ಬರು ಮೂವರು ಆಸಕ್ತಿ ಇರೋರಿಗೆ ಜೋಡಿಸೋಕೆ ಹೇಳಿಕೊಡಿ. ಪ್ರತಿ ವಾರ ಒಂದೊಂದು ರ್ಯಾಕ್ ತಗೊಂಡು ಲೇಬಲ್‌ನ ಎಡದಿಂದ ಬಲಕ್ಕೆ ಓದ್ತಾ ಹೋಗಿ ತಪ್ಪಿದ್ದನ್ನ ಸರಿ ಮಾಡೋ ಅಭ್ಯಾಸ ಇದ್ರೆ ವರ್ಷದ ಕೊನೇಲಿ ಸ್ಟಾಕ್ ಚೆಕ್ಕೂ ಹಗುರ ಆಗುತ್ತೆ.

ಸಾಫ್ಟ್‌ವೇರ್ ಕೇಳ್ತಾರೆ ಎಲ್ಲರೂ. ಲೈಬ್ರರಿ ನಡೆಸೋಕೆ ಅಂತಾನೇ ಇರೋ ಕೋಹಾ ಇದೆ, 1999ರಲ್ಲಿ ನ್ಯೂಜಿಲೆಂಡಲ್ಲಿ ಒಂದು ಸಾರ್ವಜನಿಕ ಲೈಬ್ರರಿಗೆ ಅಂತ ಶುರುವಾಗಿದ್ದು, ಓಪನ್ ಸೋರ್ಸ್, ಲೈಸೆನ್ಸ್ ದುಡ್ಡಿಲ್ಲ, ಸ್ಪೈನ್ ಲೇಬಲ್ ಕೂಡ ಅದರಿಂದ್ಲೇ ಪ್ರಿಂಟ್ ಮಾಡ್ಬಹುದು. ನೋಡಿಕೊಳ್ಳೋಕೆ ಕಂಪ್ಯೂಟರ್ ಗೊತ್ತಿರೋ ಒಬ್ಬರು ಬೇಕು. ಸ್ಕ್ರೀನ್ ಮೇಲೆ ಬರೋ ಪದ ಮತ್ತೆ ಶೆಲ್ಫ್ ಮೇಲಿರೋ ಪದ ಎರಡೂ ಒಂದೇ ಇರಬೇಕು ಅನ್ನೋದನ್ನ ಮರೀಬೇಡಿ. ಸ್ಕ್ರೀನಲ್ಲಿ 894.814 ಅಂತ ಇದ್ದು ಶೆಲ್ಫಲ್ಲಿ ಕಾದಂಬರಿ ಅಂತ ಇದ್ರೆ ಮಗು ಎಲ್ಲಿಗೆ ಹೋಗ್ಬೇಕು? ಲೊಕೇಶನ್ ಅನ್ನೋ ಜಾಗದಲ್ಲಿ ಶೆಲ್ಫ್ ಮೇಲಿರೋ ಪದವನ್ನೇ ತುಂಬಿ.

ತಗೋಬೇಕಾ ಅಂದ್ರೆ, ಇಡೀ ಸೆಟ್ ಬೇಕಾಗಿಲ್ಲ. ಲೇಬಲ್, ಕವರ್, ಹೋಲ್ಡರ್, ಮಾರ್ಕರ್, ಬಿನ್, ಈ ಐದನ್ನ ಬಿಡಿಬಿಡಿಯಾಗಿ ಕೊಡ್ತಾರಾ ಕೇಳಿ, ಡ್ಯೂಯಿ ಬೋರ್ಡು ಎ ಟು ಝಡ್ ಡಿವೈಡರು ಬಿಡಿ. ಹೊಸ ರ್ಯಾಕಿಗೆ ಅಂತ ದುಡ್ಡು ಎತ್ತಿಟ್ಟಿದ್ರೆ ಅದರಲ್ಲಿ ಒಂದು ಪಾಲು ಮೊದಲು ಇದಕ್ಕೆ ಹಾಕಿ, ಹಳೇ ರ್ಯಾಕಲ್ಲೂ ಪುಸ್ತಕ ಸಿಗೋ ಹಾಗಾಗುತ್ತೆ. ಆರ್ಡರ್ ಮಾಡೋವಾಗ ಲೇಬಲ್‌ಗಿಂತ ಪಾರದರ್ಶಕ ಕವರ್ ಜಾಸ್ತಿ ತರಿಸಿ, ಅಂಟಿಸೋವಾಗ ಗುಳ್ಳೆ ಬಂದು ಸುಮಾರು ಹಾಳಾಗುತ್ತೆ, ಮೊದಲು ಒಂದೇ ಶೀಟ್ ತರಿಸಿ ನಿಮ್ಮ ಪ್ರಿಂಟರಲ್ಲಿ ಕನ್ನಡ ಹೇಗೆ ಬರುತ್ತೆ ನೋಡಿ, ಆಮೇಲೆ ಉಳಿದದ್ದಕ್ಕೆ ಹೇಳಿ.